ಎತ್ತಿದ ಕೈ

ಹಟ ಹಿಡಿದು ಅಳುವ ಮಗುವನ್ನು ಸುಮ್ಮನಾಗಿಸುವುದರಲ್ಲಿ ಶಿಶುವಿಹಾರದ ಆಯಾ ಎತ್ತಿದ ಕೈ. ಹದಿನೆಂಟು ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಮಧ್ಯಾಹ್ನ ಸಾಲಾಗಿ ಮಲಗಿಸುವವರೆಗೂ ಅವಳ ದನಿ ಏರುತ್ತಿರಲಿಲ್ಲ. 'ನಮ್ಮ ಆಯಾ ಅಂದ್ರೆ ಚಿನ್ನ' ಎನ್ನುತ್ತಿದ್ದರು ತಾಯಂದಿರು. ಆ ಚಿನ್ನದ ಮನೆಯಲ್ಲಿ ಏಳು ವರ್ಷದ ಮಗಳೊಬ್ಬಳಿದ್ದಳು. ಅಲ್ಲಿ ಕೈ ಎತ್ತುವುದಕ್ಕೆ ಬೇರೆಯೇ ಅರ್ಥವಿತ್ತು.

ಗಂಡ ಬಿಟ್ಟುಹೋದ ವರ್ಷ ಅವಳಿಗೆ ಕೆಮ್ಮು ಬಂದಿತ್ತು. ಕೆಮ್ಮು ಹದಿನೈದು ದಿನದಲ್ಲಿ ಹೋಯಿತು, ಔಷಧಿ ಹೋಗಲಿಲ್ಲ. ಕುಡಿದರೆ ತಲೆ ಹಗುರ, ನಿದ್ದೆ ಗಾಢ. ಮೂರು ವರ್ಷ ಹೀಗೇ ನಡೆಯಿತು. 'ನಾನೇನು ಹೆಂಡ ಕುಡಿತೀನಾ? ಔಷಧಿ ತಾನೇ?' ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ನಿದ್ದೆ ಕೆಡಿಸಿದರೆ ಮಾತ್ರ ಮಗಳಿಗೆ ಸೌಟಿನ ಏಟು. ಮಗಳು ಬುದ್ಧಿವಂತೆ, ತುದಿಗಾಲಲ್ಲಿ ಓಡಾಡುವುದನ್ನು ಕಲಿತಳು. 'ಎಷ್ಟು ಒಳ್ಳೆ ಹುಡುಗಿ, ಮನೇಲಿ ಇದಾಳೋ ಇಲ್ವೋ ಗೊತ್ತೇ ಆಗಲ್ಲ' ಎಂದು ನೆರೆಯವರು ಮೆಚ್ಚಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಲಗಿದ್ದಾಗ, ಹಸಿದ ಮಗಳು ಹಾಲು ಕಾಯಿಸಲು ಹೋಗಿ ತೋಳಿನ ಮೇಲೆ ಚೆಲ್ಲಿಕೊಂಡಳು. ಕೂಗಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯ ಅಜ್ಜಿಯ ಬಳಿ ಹೋಗಿ, "ಅಜ್ಜೀ, ಸ್ವಲ್ಪ ತಣ್ಣೀರು ಕೊಡಿ. ಅಮ್ಮನ್ನ ಎಬ್ಬಿಸಬೇಡಿ," ಎಂದಳು.

ಅಜ್ಜಿ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ತೋಳಿಗೆ ನೀರು ಸುರಿದು, ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಅಂಗಿ ಬಿಚ್ಚಿಸಿದ ನರ್ಸ್ ಕಣ್ಣಿಗೆ ಬೆನ್ನು ಬಿತ್ತು.

"ಇದೇನೇ ಪುಟ್ಟಿ?"

"ಬಿದ್ದಿದ್ದು."

"ಎಲ್ಲಿ ಬಿದ್ದೆ?"

"ನಾನು ಬಿದ್ದಿಲ್ಲ. ಏಟು ಬಿದ್ದಿದ್ದು."

ಮರುದಿನ ಮಕ್ಕಳ ರಕ್ಷಣಾ ಅಧಿಕಾರಿ ಶಿಶುವಿಹಾರಕ್ಕೇ ಬಂದರು. ತಾಯಂದಿರೆಲ್ಲ ಒಕ್ಕೊರಲಿನಿಂದ ಆಯಾಳ ಪರ ನಿಂತರು. ಅಧಿಕಾರಿ ಅದನ್ನೆಲ್ಲ ಕೇಳಿಸಿಕೊಂಡು ಅವಳತ್ತ ತಿರುಗಿದರು. "ಇಲ್ಲಿನ ಒಂದು ಮಗು ಬೆನ್ನ ಮೇಲೆ ಬಾಸುಂಡೆ ಹೊತ್ತು ಬಂದ್ರೆ ಏನ್ ಮಾಡ್ತೀರಮ್ಮ?"

ಶಿಶುವಿಹಾರದಲ್ಲಿ ಹನ್ನೊಂದು ವರ್ಷದ ಅಭ್ಯಾಸ. ಆಯಾ ತಡವರಿಸಲಿಲ್ಲ. "ಆ ಮಗೂನ ಮನೆಗೆ ಕಳಿಸಲ್ಲ ಮೇಡಂ."

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೆ ಬಿತ್ತು. ಪಕ್ಕದಲ್ಲಿದ್ದ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತಳು. "ಕಳಿಸಬೇಡಿ," ಎಂದಳು ಇನ್ನೊಮ್ಮೆ.

ಮಗಳು ಚಿಕ್ಕಮ್ಮನ ಮನೆ ಸೇರಿದಳು, ತಾಯಿ ಚಟ ಬಿಡಿಸುವ ಕೇಂದ್ರ ಸೇರಿದಳು. ಚಿನ್ನ ಎಂದಿದ್ದ ತಾಯಂದಿರೇ ಅವಳನ್ನು ಕೆಲಸದಿಂದ ತೆಗೆಸಿದರು. ಎಂಟು ತಿಂಗಳಲ್ಲಿ ಎರಡು ಸಲ ಮತ್ತೆ ಕುಡಿದಳು, ಎರಡು ಸಲವೂ ತಾನಾಗಿಯೇ ಕೇಂದ್ರಕ್ಕೆ ಹೋಗಿ ಒಪ್ಪಿಕೊಂಡಳು. ಈಗ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಭಾನುವಾರ ಮಗಳನ್ನು ನೋಡಬಹುದು, ಚಿಕ್ಕಮ್ಮನ ಎದುರಿನಲ್ಲಿ ಮಾತ್ರ.

ಮೊನ್ನೆ ಭಾನುವಾರ ತಾಯಿ ಮಗಳ ತಲೆ ಬಾಚುವಾಗ ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು. "ನೋಯ್ತಿದೆ, ಮೆಲ್ಲಗೆ ಬಾಚು," ಎಂದು ಮಗಳು ಸಿಡುಕಿದಳು.

"ದೊಡ್ಡೋರಿಗೆ ಹಾಗೆಲ್ಲ ಎದುರಾಡಬಾರದು," ಎಂದು ಚಿಕ್ಕಮ್ಮ ಗದರಿದಳು.

"ಆಡಲಿ ಬಿಡೇ," ಎಂದ ತಾಯಿ, ಬಾಚಣಿಗೆ ಕೆಳಗಿಟ್ಟು ಸಿಕ್ಕನ್ನು ಬೆರಳಲ್ಲೇ ಬಿಡಿಸತೊಡಗಿದಳು.