ಎಂಟು ಮೈಕ್ರಾನ್

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಚುಕ್ಕಿಯಮ್ಮ ಅನ್ನುತ್ತಿದ್ದರು. ಹದಿನಾಲ್ಕು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿನ ಗುಳಿ ಎಣಿಸುವುದು. ಪಕ್ಕದ ದೊಡ್ಡ ಕಟ್ಟಡದಲ್ಲಿ ಲೇಸರ್ ಕಿರಣಗಳು ಸಾಸಿವೆ ಕಾಳಿನಂಥ ಗೋಲಿಯೊಂದನ್ನು ಎಲ್ಲ ದಿಕ್ಕಿನಿಂದ ಒಟ್ಟಿಗೆ ಹೊಡೆದು ಹಿಂಡುತ್ತಿದ್ದವು. ಒಳಗಿನ ಇಂಧನ ಪ್ಲಾಸ್ಮಾ ಆಗಿ ಉರಿದು ಪ್ರೋಟಾನ್‌ಗಳನ್ನು ಹೊರಗೆ ಚಿಮ್ಮುತ್ತಿತ್ತು. ಅವು ಬಿಲ್ಲೆಗೆ ತಾಗಿದ ಗುರುತು, ಬಿಲ್ಲೆಯನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಆರು ಗಂಟೆ ನೆನೆಸಿದ ಮೇಲಷ್ಟೇ ಗುಳಿಯಾಗಿ ಕಾಣುತ್ತಿತ್ತು. ಇಂಧನ ಚೆನ್ನಾಗಿ ಒತ್ತಿಕೊಂಡಿದ್ದರೆ ಅದರೊಳಗಿಂದ ತೂರಿ ಬರುವ ಪ್ರೋಟಾನ್ ಸುಸ್ತಾಗಿರುತ್ತದೆ, ದೊಡ್ಡ ಗುಳಿ ಬೀಳುತ್ತದೆ. ಸಡಿಲವಾಗಿದ್ದರೆ ಸಣ್ಣ ಗುಳಿ.

ಆ ವರ್ಷದ ದೊಡ್ಡ ಪ್ರಯೋಗದಲ್ಲಿ ಅವಳಿಗೆ ಕಂಡದ್ದೆಲ್ಲ ಸಣ್ಣ ಗುಳಿ.

"ಇನ್ನೊಂದ್ಸಲ ನೋಡಿ," ಅಂದ ವಿಭಾಗದ ಮುಖ್ಯಸ್ಥ.

"ಮೂರ್ ಸಲ ನೋಡಿದೀನಿ ಸರ್. ಇರೋದೇ ಇಷ್ಟು."

ಅವನು ಬಿಲ್ಲೆಗಳನ್ನು ತನ್ನ ಕೋಣೆಗೆ ಒಯ್ದು ಎರಡು ದಿನ ಇಟ್ಟುಕೊಂಡ. ಹದಿನೈದು ದಿನಕ್ಕೆ ವರದಿ ಬಂತು. ಗುಳಿಗಳು ದೊಡ್ಡವು, ಇಂಧನ ಹಿಂದೆಂದೂ ಆಗದಷ್ಟು ಒತ್ತಿಕೊಂಡಿದೆ, ಮೊದಲ ಎಣಿಕೆಯನ್ನು ಎಣಿಸಿದವರ ದೃಷ್ಟಿದೋಷದ ಕಾರಣ ಕೈಬಿಡಲಾಗಿದೆ. ಅವಳನ್ನು ಉಗ್ರಾಣಕ್ಕೆ ಹಾಕಿದರು. ಬೀಳ್ಕೊಡುವಾಗ ಮುಖ್ಯಸ್ಥ ನಗುತ್ತಾ, "ಪಾಪ, ಕಣ್ಣಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ಲ," ಅಂದ. ಸುತ್ತ ನಿಂತವರೂ ನಕ್ಕರು. ಅವಳೂ ಹಲ್ಲು ಕಿರಿದಳು. ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ.

ಉಗ್ರಾಣದ ಮೂರನೆಯ ಕಪಾಟಿನಲ್ಲೇ ಆ ಬಿಲ್ಲೆಗಳಿದ್ದವು, ಬೀಗದ ಕೈ ಈಗ ಅವಳ ಸೊಂಟದಲ್ಲಿ. ಮೊದಲ ವಾರವೇ ಅವಳು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಸ್ಕ್ರೂ ಗೇಜು ತಂದು ದಪ್ಪ ಅಳೆದಳು. ನೆನೆಸುವ ಮುಂಚೆ ಒಮ್ಮೆ, ನೆನೆಸಿದ ಮೇಲೆ ಒಮ್ಮೆ ದಪ್ಪ ಬರೆದಿಡುವುದು ಅವಳ ಹಳೇ ಅಭ್ಯಾಸ. ಒಂದೊಂದು ಬಿಲ್ಲೆಯೂ ಅವಳು ನೆನೆಸಿದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕಿಂತ ಎಂಟು ಮೈಕ್ರಾನ್ ತೆಳ್ಳಗಿತ್ತು. ಇನ್ನೂ ಎರಡು ಗಂಟೆ ಕಾಸ್ಟಿಕ್ ನೀರಲ್ಲಿ ಬಿದ್ದರೆ ಸವೆಯುವುದು ಸರಿಯಾಗಿ ಅಷ್ಟೇ. ಅಷ್ಟರಲ್ಲಿ ಎಂಥ ಸಣ್ಣ ಗುಳಿಯೂ ಅಗಲವಾಗುತ್ತದೆ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

"ಯಾಕೇ ಸುಮ್ನಿದೀಯಾ?" ಅಂತ ತಂಗಿ ಕೇಳಿದಳು.

"ಈಗ ಹೇಳಿದ್ರೆ ಅವನಿಗೊಂದು ವರ್ಗಾವಣೆ ಆಗುತ್ತೆ, ಅಷ್ಟೇ. ಇನ್ನೂ ಮೇಲಕ್ಕೆ ಹತ್ತಲಿ."

ಎಂಟು ವರ್ಷ ಅವನು ಹತ್ತುತ್ತಲೇ ಇದ್ದ. ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಅವನ ಕೊರಳಿಗೆ ಹಾರ ಬಿದ್ದಾಗಲೆಲ್ಲ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅವನ ಲೆಕ್ಕ ನಂಬಿ ಮಾಡಿದ ಪ್ರಯೋಗಗಳು ಒಂದಾದ ಮೇಲೊಂದು ಕೈಕೊಟ್ಟವು. ಸೋಲಿಗೆ ಯಾರಾದರೂ ಬೇಕಲ್ಲ, ಗೋಲಿಗಳನ್ನು ಲೇಸರ್ ಮುಂದೆ ಹಿಡಿಯುವ ಕಡ್ಡಿಗೆ ಅಂಟಿಸುವವಳ ತಲೆಗೆ ಕಟ್ಟಿದರು. ಗೋಲಿ ಒರಟಾಗಿದೆ, ಅಂಟು ಜಾಸ್ತಿಯಾಗಿದೆ ಅಂತ ಮೂರನೆಯ ವರ್ಷ ಅವಳನ್ನು ಕೆಲಸದಿಂದಲೇ ತೆಗೆದರು. ಚುಕ್ಕಿಯಮ್ಮನ ಜೊತೆ ದಿನಾ ಬುತ್ತಿ ಹಂಚಿಕೊಳ್ಳುತ್ತಿದ್ದ ಗೆಳತಿ ಅವಳು. "ನನ್ ಕೈ ನಡುಗಿದ್ದೇ ಇಲ್ಲ ಕಣೇ," ಅಂತ ಉಗ್ರಾಣದ ಪೆಟ್ಟಿಗೆ ಮೇಲೆ ಕೂತು ಅತ್ತಳು. ಅವಳ ಬೆನ್ನ ಹಿಂದೆಯೇ ಮೂರನೆಯ ಕಪಾಟು. ಚುಕ್ಕಿಯಮ್ಮ ಬೆನ್ನು ಸವರಿದಳೇ ಹೊರತು ಬಾಯಿ ಬಿಡಲಿಲ್ಲ.

ಕೊನೆಗೆ ಅವನು ಇಡೀ ಸಂಸ್ಥೆಯ ನಿರ್ದೇಶಕನಾಗುವ ದಿನ ಹತ್ತಿರ ಬಂತು. ಹೊರಗಿನಿಂದ ಬಂದ ಮೂವರ ಸಮಿತಿ ಆ ಹೆಸರಾಂತ ಬಿಲ್ಲೆಗಳನ್ನು ನೋಡಬೇಕು ಅಂದಿತು. ಚುಕ್ಕಿಯಮ್ಮ ತಟ್ಟೆಯಲ್ಲಿ ಬಿಲ್ಲೆ, ನೋಟ್‌ಬುಕ್ಕು, ಸ್ಕ್ರೂ ಗೇಜು ಮೂರನ್ನೂ ಜೋಡಿಸಿಕೊಂಡು ಒಳಗೆ ಹೋದಳು.

"ಸರ್, ನನ್ ಕಣ್ಣು ಸರಿ ಇಲ್ಲ ಅಂತ ನೀವೇ ಬರ್ದಿದೀರಿ," ಅಂದಳು. "ದಪ್ಪ ನೀವೇ ಅಳೆದು ಓದಿ."

ಅವನು ಸಮಿತಿಯ ಕಡೆ ನೋಡಿದ. ಸಮಿತಿಯ ಹಿರಿಯಳು "ಓದಿ" ಅಂದಳು. ಹನ್ನೆರಡು ಬಿಲ್ಲೆ. ಒಂದೊಂದಕ್ಕೂ ಅವನು ಅಂಕಿ ಹೇಳಿದಾಗ ಚುಕ್ಕಿಯಮ್ಮ ನೋಟ್‌ಬುಕ್ಕಿನ ಅಂಕಿ ಹೇಳುತ್ತಿದ್ದಳು. ಐದನೆಯದಕ್ಕೆ ಅವನು "ಸಾಕಲ್ವಾ?" ಅಂದ.

"ಇನ್ನೂ ಏಳಿವೆ ಸರ್."

ಹನ್ನೆರಡನ್ನೂ ಅಳೆಸಿದಳು. ಅವನು ಗೇಜು ತಿರುಗಿಸಿ ತಿರುಗಿಸಿ ಓದುವುದನ್ನು ಕಣ್ತುಂಬ ನೋಡಿದಳು.

ತಿಂಗಳೊಳಗೆ ಅವನ ಕುರ್ಚಿ ಹೋಯಿತು, ವರದಿಯನ್ನು ಹಿಂದಕ್ಕೆ ಪಡೆದರು, ಸೂಕ್ಷ್ಮದರ್ಶಕ ಅವಳಿಗೆ ವಾಪಸ್ಸು ಬಂತು. ಅವನು ಒಂದು ಸಂಜೆ ಅವಳ ಮನೆ ಬಾಗಿಲಿಗೆ ಬಂದು ಕ್ಷಮೆ ಕೇಳಿದ. ಅವಳು ಒಳಗೆ ಕರೆಯಲಿಲ್ಲ. ಮಾತು ಮುಗಿಯುವವರೆಗೂ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು, "ಆಯ್ತಾ?" ಅಂತ ಕೇಳಿ ಬಾಗಿಲು ಹಾಕಿದಳು.

ಆ ಭಾನುವಾರ ಗೆಳತಿಯ ಮನೆಗೆ ಹೋದಳು, ಸುದ್ದಿ ಕೇಳಿ ಅವಳು ಕುಣಿದಾಳು ಅಂದುಕೊಂಡು. ಗೆಳತಿ ಕೂತು ಎಲ್ಲ ಕೇಳಿಸಿಕೊಂಡಳು.

"ನೀನು ಅಳೆದಿದ್ದು ಯಾವಾಗ?"

"ಮೊದಲ ವಾರವೇ."

"ಅಂದ್ರೆ ನಾನು ಪೆಟ್ಟಿಗೆ ಮೇಲೆ ಕೂತು ಅತ್ತಾಗ ನಿಂಗೆ ಗೊತ್ತಿತ್ತು."

ಚುಕ್ಕಿಯಮ್ಮ ಸುಳ್ಳು ಹೇಳಲಿಲ್ಲ. "ಅವನು ಇನ್ನೂ ಅಷ್ಟು ಮೇಲಿರಲಿಲ್ಲ," ಅಂದಳು.

ಗೆಳತಿ ಎದ್ದು ಬಾಗಿಲಲ್ಲಿದ್ದ ಅವಳ ಚಪ್ಪಲಿಯನ್ನು ಬೀದಿ ಕಡೆಗೆ ತಿರುಗಿಸಿಟ್ಟಳು. ಚುಕ್ಕಿಯಮ್ಮ ಮೆಟ್ಟಿಕೊಂಡು ಬಸ್ ಸ್ಟಾಪಿನ ತನಕ ನಡೆದಳು. ಗೆಳತಿಯ ಮೇಲೆ ಸಿಟ್ಟು ಬರಲಿಲ್ಲ. ಅವನು ಅಳೆಯುತ್ತಾ ನಿಂತದ್ದನ್ನು ನೆನೆದಾಗ ಈಗಲೂ ಹೊಟ್ಟೆ ತಣ್ಣಗಾಗುತ್ತಿತ್ತು, ಅದಕ್ಕೇ ಅವಳಿಗೆ ನಾಚಿಕೆಯಾಯಿತು.