ಸುಬ್ಬಣ್ಣನ ಯುದ್ಧಕ್ಕೆ ಬಂದ ಹೊಸಬರು

ಕತ್ತಿ ಇದೆ, ಕಡಿಯೋದಿಲ್ಲ. ಸತ್ತರೆ ಡಬ್ಬಿಗೆ ಹೋಗ್ತದೆ, ಭಾನುವಾರ ಮತ್ತೆ ಎದ್ದು ಬರ್ತದೆ. ಎಂತ ಹೇಳಿ?

ಸೋತಿರಿ. ಅದು ಬೆರಳುದ್ದದ ಗೊಂಬೆ ಸೈನಿಕ. ನಾನು ಕೆಲಸಕ್ಕಿರುವ ಶಿರಸಿಯ ಅಂಗಡಿಯಲ್ಲಿ ಮಾಲೀಕ ಸುಬ್ಬಣ್ಣ ಭಾನುವಾರ ಇಂಥ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟ ಆಡಿಸ್ತಾನೆ. ಆಟದ ಹೊಸ ಆವೃತ್ತಿ ಬಂದಿತ್ತು, ಆಡುವವರು ಬಂದಿರಲಿಲ್ಲ.

"ತಮಾ, ಈ ಭಾನುವಾರವೂ ಹೊಸಬರು ಬರದೇ ಇದ್ರೆ ಆನು ಮೇಜು ಮಡಚ್ತೆ," ಅಂದ. ಅವನ ಮುಖ ನೋಡಲಾಗಲಿಲ್ಲ.

ಭಾನುವಾರ ಬಾಗಿಲಲ್ಲಿ ಕವಳದ ತಟ್ಟೆ ಇಟ್ಟೆ. ಎಲೆ, ಅಡಿಕೆ, ಸುಣ್ಣ, ತಂಬಾಕು ಪುಕ್ಕಟೆ ಕಂಡರೆ ನಮ್ಮೂರಲ್ಲಿ ಯಾರು ದಾಟಿ ಹೋಗ್ತಾರೆ? ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ನಾಲ್ವರು ಒಳಗೆ ಬಂದು ಕವಳ ಹಾಕಿ ಕೂತರು.

ಸುಬ್ಬಣ್ಣ ದಪ್ಪ ನಿಯಮದ ಪುಸ್ತಕವನ್ನು ಪೂರ್ತಿ ವಿವರಿಸಿದ. ಕವಳ ತುಂಬಿದ ಬಾಯಿ ತೆರೆಯುವ ಹಾಗಿಲ್ಲವಲ್ಲ, ಅವನು ಕೇಳಿದ್ದಕ್ಕೆಲ್ಲ ಅವರು ಗದ್ದ ಎತ್ತಿ "ಹ್ಞೂಂ" ಅಂದರು.

"ನೋಡಾ, ಒಬ್ಬಂಗೂ ಅನುಮಾನ ಇಲ್ಲೆ!" ಸುಬ್ಬಣ್ಣ ನನ್ನ ಬೆನ್ನು ತಟ್ಟಿದ.

ನಾಲ್ವರೂ ಉಗಿಯಲು ಹೊರಗೆ ಹೋದರು, ಬಾಯಿ ತೊಳೆದು ಬಂದು ಸಂಜೆವರೆಗೆ ಆಡಿದರು.

ಈ ಕೊನೆಯ ಸಾಲು ನಾನು ಕಟ್ಟಿದ ಸುಳ್ಳು. ಉಗಿಯಲು ಹೋದವರು ಹಾಗೇ ಬಸ್ಸು ಹತ್ತಿದರು. ಮೇಜು ಮಡಚಬಾರದಲ್ಲ, ಎದುರಿಗೆ ನಾನೇ ಕೂತೆ. ಹೊಸ ಆವೃತ್ತಿಗೆ ಸಿಕ್ಕ ಹೊಸಬ ನಾನೊಬ್ಬನೇ. ಈಗ ಪ್ರತಿ ಭಾನುವಾರ ಸಾಯ್ತಾ ಇದ್ದೇನೆ.