ವತ್ಸಲಾ ಮಿಸ್ಸು ಸುಮ್ಮನಿದ್ದ ಪಾಠ

ನಾಗಸಂದ್ರದ ಸರ್ಕಾರಿ ಶಾಲೆಯ ವತ್ಸಲಾ ಮಿಸ್ಸು ಗಣಿತ ಪಾಠಕ್ಕೆ ನಿಂತರೆ ಪೀಣ್ಯದ ಲೇತ್ ಮಷೀನುಗಳು ಸಂಕೋಚದಿಂದ ದನಿ ತಗ್ಗಿಸುತ್ತಿದ್ದವು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಸೈರನ್ನಿನ ಜೊತೆ ಪೈಪೋಟಿಗೆ ಬಿದ್ದು ಬೆಳೆದ ಕಂಠ ಅದು. ಪಾಠದ ಕ್ರಮವೂ ಒಂದೇ: ಉತ್ತರವನ್ನು ಮುಕ್ಕಾಲು ತಾವೇ ಹೇಳಿ, ಬಾಲವನ್ನು ಮಕ್ಕಳಿಗೆ ಬಿಡುವುದು.

“ಐದಾರ್ಲೆ ಮೂವ...?”

“ತ್ತು!”

ಕೇಳಿದವರಿಗೆ ತರಗತಿಯ ತುಂಬ ಪಂಡಿತರೇ.

ಈ ಸಂಭ್ರಮಕ್ಕೆ ಕಲ್ಲು ಹಾಕಿದ್ದು ಶಿಕ್ಷಕರ ತರಬೇತಿ. “ಪ್ರಶ್ನೆ ಕೇಳಿ, ಆಮೇಲೆ ಬಾಯ್ಮುಚ್ಕೊಂಡು ಕಾಯಿರಿ ಮೇಡಂ. ಯೋಚ್ನೆ ಮಕ್ಕಳು ಮಾಡ್ಲಿ,” ಎಂದರು ತರಬೇತಿ ಕೊಡಲು ಬಂದ ಸುಬ್ರಹ್ಮಣ್ಯ. ಮುಖ್ಯೋಪಾಧ್ಯಾಯಿನಿ ಮಹಾಂತಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: “ಸೋಮವಾರ ನಮ್ಮ ಮುಂದ ಒಂದು ಪಾಠ ಮಾಡ್ರಿ. ನೀವಾ ಉತ್ತರ ಹೇಳಿದ್ರೋ, ಗಣಿತ ಕೊಟ್ರೇಶ್ ಸರ್‌ಗೆ. ನೀವು ಚಿತ್ರಕಲೆ ನೋಡ್ಕೊಳ್ರಿ.”

ಹೊಸದಾಗಿ ಬಂದ ಮೇಷ್ಟ್ರು ಕೊಟ್ರೇಶ್ ಆಗಲೇ ಡಸ್ಟರ್ ಕೊಡವಿ ಇಟ್ಟುಕೊಂಡಿದ್ದ.

ಭಾನುವಾರವಿಡೀ ವತ್ಸಲಾ ಮನೆಯಲ್ಲಿ ಸುಮ್ಮನಿರುವ ಅಭ್ಯಾಸ ಮಾಡಿದರು. ಕುಕ್ಕರ್ ಕೂಗುವ ಮುಂಚೆ ತಾವೇ ಕೂಗಿಬಿಟ್ಟರು.

ಸೋಮವಾರ ಮಹಾಂತಮ್ಮ, ಸುಬ್ರಹ್ಮಣ್ಯ, ಕೊಟ್ರೇಶ್ ಮೂವರೂ ಹಿಂದಿನ ಬೆಂಚಿನಲ್ಲಿ ಕುಳಿತರು. ವತ್ಸಲಾ ದುಂಡನೆಯ ಕಾಗದ ಹಂಚಿ ಕೇಳಿದರು: “ಇದು ಚಪಾತಿ ಅಂದ್ಕೊಳ್ಳಿ. ಅರ್ಧ ಚಪಾತೀಲಿ ಕಾಲು ಚಪಾತಿ ಎಷ್ಟು ಸಿಗ್ತವೆ?”

ಮಕ್ಕಳು ಅವರ ಬಾಯನ್ನೇ ನೋಡಿದರು. ಆ ಮೌನದಲ್ಲಿ ಮೆಟ್ರೋ ಊರೆಲ್ಲ ಸುತ್ತಿ ವಾಪಸು ಬಂತು. ಎದುರಿನ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಎದ್ದು, ಬಣ್ಣ ಕಂಡು, ಗೃಹಪ್ರವೇಶದ ಊಟವೂ ಮುಗಿಯಿತು. ವತ್ಸಲಾರ ಕೈಯಲ್ಲಿದ್ದ ಸೀಮೆಸುಣ್ಣ ಹಿಟ್ಟಾಯಿತು.

“ಮಿಸ್, ನೀವು ಶುರು ಮಾಡಿ, ನಾವು ಮುಗಿಸ್ತೀವಿ,” ಎಂದಳು ಶರಣ್ಯ.

“ಎ...” ಹೊರಟೇಬಿಟ್ಟಿತು! ವತ್ಸಲಾ ಅದನ್ನು ಕೆಮ್ಮಿನೊಳಗೆ ತುರುಕಿ ನುಂಗಿದರು.

“ನಾಲ್ಕು,” ಎಂದ ಸಿದ್ಧಾರ್ಥ್.

ತಿದ್ದದೆ ಬಿಟ್ಟ ತಪ್ಪು ಉತ್ತರ ಅವರ ಮೈಮೇಲೆ ಗೊದ್ದ ಇರುವೆಯಂತೆ ಹರಿದಾಡಿತು. ಸೆರಗನ್ನು ಹಿಂಡಿದರು, ಕಿಟಕಿಗೆ ಹೋದರು, ಬಂದರು.

“ಲೋ, ನಾಲ್ಕು ಇಡೀ ಚಪಾತೀಲಿ ಕಣೋ! ಇದು ಅರ್ಧ.” ಶರಣ್ಯ ಕಾಗದ ಮಡಚತೊಡಗಿದಳು. ಸಿದ್ಧಾರ್ಥ್ ಹಟಕ್ಕೆ ಬಿದ್ದು ತನ್ನದನ್ನೂ ಮಡಚಿದ. ಬೆಂಚಿನಿಂದ ಬೆಂಚಿಗೆ ಜಗಳ ಹಬ್ಬಿತು.

ಹಿಂದಿನಿಂದ ಒಂದು ಗರ್ಜನೆ: “ಎರಡಲೇ! ಎರಡು ಸಿಗ್ತಾವು!”

ಕೊಟ್ರೇಶ್ ಎದ್ದು ನಿಂತಿದ್ದ. ಹಣೆಯ ಮೇಲೆ ಬೆವರು.

“ಸಾರ್, ಸುಮ್ನಿರಿ! ನಾವಿನ್ನೂ ಮಡಚ್ತಾ ಇದ್ದೀವಿ,” ಶರಣ್ಯ ಗದರಿದಳು.

ಮಹಾಂತಮ್ಮ ಅವನ ಅಂಗಿ ಜಗ್ಗಿ ಕೂರಿಸಿದರು. “ಗಣಿತ ನಿಮ್ಮ ಹತ್ರಾನೇ ಇರ್ಲಿ, ವತ್ಸಲಾ ಮೇಡಂ.”

ವತ್ಸಲಾ ತಲೆಯಾಡಿಸಿದರು, ಅಷ್ಟೇ. ಬಾಯಿ ತೆರೆಯುವ ಧೈರ್ಯ ಅವರಿಗಿನ್ನೂ ಬಂದಿರಲಿಲ್ಲ.